ಅತ್ತೆಯವರ ಸುಜಾತಾ: ಹಳೆಯ ಕೈಗಡಿಯಾರದ ಅಸಲಿ, ನಕಲಿ ಮತ್ತು ಬೆಲೆ



ಈ ಸಲದ ಇ-ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟ ಏನಾದರೂ ಬರೆದುಕೊಡಿ ಎಂದು ನಮ್ಮ ಮಹಿಳಾ ವಿಭಾಗದವರು ಕೇಳಿದಾಗ, ರಾಜಮನೆತನಗಳ ಬಗ್ಗೆ ಬರೆಯುವಷ್ಟು ನನಗೆ ತಿಳಿಯದು ಎಂದು ಹಿಂಜರಿದೆ. ಆಮೇಲೆ ಹೋದ ವರ್ಷ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ನೆನಪಾಯಿತು. ಒಂದು ಹಳೆಯ ವಾಚಿನ ನಿಜ ತಿಳಿಯಲು ಹೋಗಿ ನಾನು ಓದಿದ, ಕೇಳಿದ, ಕಲಿತ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅತ್ತೆಯವರ ವರ್ಷಾಬ್ದಿಕ ಮುಗಿದ ಮರುದಿನ ಕೀಲ್ಪಾಕಿನ ಮನೆಯಲ್ಲಿ ಅವರ ಬೀರು ತೆರೆದೆವು. ಸೀರೆಗಳ ಕೆಳಗೆ ಒಂದು ಹಳೆಯ ಕುಂಕುಮದ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಪುಟ್ಟ ಎಚ್‌ಎಂಟಿ ವಾಚು. ಅತ್ತೆ ತುಮಕೂರು ಕಡೆಯವರು. 1968ರಲ್ಲಿ ಶಾಲೆಯ ಮೇಡಂ ಆಗಿ ಕೆಲಸಕ್ಕೆ ಸೇರಿದಾಗ ಮೊದಲ ಕೆಲವು ತಿಂಗಳ ಸಂಬಳ ಕೂಡಿಟ್ಟು, ಸಾಲದ್ದನ್ನು ಅವರ ತಂದೆಯಿಂದ ಹಾಕಿಸಿಕೊಂಡು ತೆಗೆದುಕೊಂಡದ್ದು. ಮದುವೆಯಾಗಿ ಮದ್ರಾಸಿಗೆ ಬಂದ ಮೇಲೂ "ನನ್ನ ಸುಜಾತಾ" ಎಂದೇ ಅದನ್ನು ಕರೆಯುತ್ತಿದ್ದರು. ಆ ಕಾಲದಲ್ಲಿ ವಾಚು ಎಂದರೆ ಅಳಿಯನಿಗೆ ಕೊಡುವ ಉಡುಗೊರೆ. ಹೆಣ್ಣುಮಗಳು ತನ್ನ ದುಡಿಮೆಯಲ್ಲಿ ತನಗಾಗಿ ವಾಚು ಕೊಂಡಳು ಎನ್ನುವುದು ಸಣ್ಣ ಮಾತಾಗಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ನನ್ನ ನಾದಿನಿ ವಾಚನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. "ಅತ್ತಿಗೆ, ಇದು ಅಮ್ಮನ ವಾಚಲ್ಲ. ಅಮ್ಮನದ್ದು ಬಿಳಿ ಡಯಲ್ಲು, ಅದರ ಮೇಲೆ ಸುಜಾತಾ ಅಂತ ಬರೆದಿತ್ತು. ಇದು ಹೊಂಬಣ್ಣ. ಹೆಸರೇ ಇಲ್ಲ" ಎಂದಳು.

ಅವಳು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಆದರೆ ಆ ಬೀರುವಿನ ಕೀಲಿಕೈ ಒಂದು ವರ್ಷದಿಂದ ನನ್ನ ಹತ್ತಿರವೇ ಇತ್ತು. ಊಟಕ್ಕೆ ಕೂತಾಗ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಮೊದಲು ಹೆಣ್ಣಿನ ಕೈಯಲ್ಲಿ

ಹುಡುಕುತ್ತಾ ಹೋದಾಗ ನನಗೆ ಮೊದಲು ಆಶ್ಚರ್ಯವಾದದ್ದು ಇದು: ಕೈಗಡಿಯಾರ ಮೂಲದಲ್ಲಿ ಹೆಂಗಸರ ವಸ್ತು. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಗೆ 1571ರಲ್ಲಿ ರಾಬರ್ಟ್ ಡಡ್ಲಿ ತೋಳಬಂದಿಯಲ್ಲಿ ಕೂರಿಸಿದ ಪುಟ್ಟ ಗಡಿಯಾರವನ್ನು ಕಾಣಿಕೆ ಕೊಟ್ಟಿದ್ದ. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯುರಾ 1810ರಲ್ಲಿ ಬ್ರೆಗೆ ಎಂಬ ಪ್ರಸಿದ್ಧ ಗಡಿಯಾರ ತಯಾರಕನಿಗೆ ಕೈಗೆ ಕಟ್ಟುವ ಗಡಿಯಾರ ಮಾಡಿಕೊಡಲು ಹೇಳಿದಳು. ಅದು 1812ರಲ್ಲಿ ಸಿದ್ಧವಾಯಿತು. 1868ರಲ್ಲಿ ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಹಂಗೆರಿಯ ಒಬ್ಬ ಕೌಂಟೆಸ್‌ಗೆ ಕೈಗಡಿಯಾರ ಮಾಡಿಕೊಟ್ಟಿತು.

ಆಗ ಗಂಡಸರು ಸರಪಳಿ ಹಾಕಿ ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟುವುದು ಬಳೆ ತೊಟ್ಟಂತೆ ಎಂದು ಅವರಿಗೆ ನಾಚಿಕೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಒಂದು ಕೈಯಲ್ಲಿ ಬಂದೂಕು ಹಿಡಿದು ಇನ್ನೊಂದು ಕೈಯಿಂದ ಜೇಬು ತಡಕುವುದು ಸಾಧ್ಯವಿಲ್ಲ ಎಂದು ಅರಿವಾದಾಗ ಆ ನಾಚಿಕೆ ಹೋಯಿತು. ಇಂದು ಹಳೆಯ ವಾಚಿನ ಮಾರುಕಟ್ಟೆಯಲ್ಲಿ ಗಂಡಸರ ವಾಚಿಗೇ ಬೆಲೆ ಹೆಚ್ಚು, ಹೆಂಗಸರ ಪುಟ್ಟ ವಾಚಿಗೆ ಕೇಳುವವರು ಕಡಿಮೆ. ಚಿನ್ನದ ಕೇಸು ಇದ್ದರಂತೂ ಎಷ್ಟೋ ಲೇಡೀಸ್ ವಾಚುಗಳನ್ನು ತೂಕಕ್ಕೆ ಹಾಕಿ ಕರಗಿಸಿಬಿಟ್ಟಿದ್ದಾರೆ.

ಗಡಿಯಾರದ ಚರಿತ್ರೆಯಲ್ಲಿ ಹೆಣ್ಣಿನ ಹೆಸರು ಇನ್ನೊಂದು ಕಡೆಯೂ ಇದೆ. ಅದು ನೋವಿನ ಕಥೆ. 1917ರಿಂದಾಚೆಗೆ ಅಮೆರಿಕದ ಕಾರ್ಖಾನೆಗಳಲ್ಲಿ ನೂರಾರು ಹುಡುಗಿಯರು ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಡಯಲ್‌ಗೆ ಬಳಿಯುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳಿ ಎಂದು ಅವರಿಗೆ ಹೇಳಿಕೊಡಲಾಗಿತ್ತು. ದವಡೆಯ ಮೂಳೆ ಕೊಳೆತು, ರಕ್ತ ಕೆಟ್ಟು ಅನೇಕರು ಸತ್ತರು. ನ್ಯೂಜೆರ್ಸಿಯ ಗ್ರೇಸ್ ಫ್ರಯರ್ ಮತ್ತು ಇನ್ನು ನಾಲ್ವರು ನ್ಯಾಯಾಲಯಕ್ಕೆ ಹೋದರು. 1928ರಲ್ಲಿ ರಾಜಿಯಾಗಿ ಅವರಿಗೆ ಪರಿಹಾರ ಸಿಕ್ಕಿತು. ದುಡಿಯುವ ಜಾಗದಲ್ಲಿ ಕಾರ್ಮಿಕರ ಆರೋಗ್ಯಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಆ ಹುಡುಗಿಯರ ಹೋರಾಟ ದಾರಿ ತೋರಿಸಿತು. ಈ ಕಥೆಗೂ ಹಳೆಯ ವಾಚು ನೋಡುವ ವಿದ್ಯೆಗೂ ಸಂಬಂಧವಿದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಊರಿನ ಸಮಯ

ನಾವಿರುವ ಕೀಲ್ಪಾಕಿನ ಪಕ್ಕದ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು 1792ರಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿದರು. ಅಂದಿನ ಒಂದು ಕಲ್ಲಿನ ಕಂಬ ಹವಾಮಾನ ಇಲಾಖೆಯ ಆವರಣದಲ್ಲಿ ಇಂದಿಗೂ ನಿಂತಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಕಲ್ಕತ್ತೆಗೆ ಒಂದು ಸಮಯ, ಬೊಂಬಾಯಿಗೆ ಇನ್ನೊಂದು ಸಮಯ. ಎರಡರ ನಡುವೆ ಬರುವ ಮದ್ರಾಸ್ ಸಮಯವನ್ನೇ ರೈಲುಗಳು ಹಿಡಿದವು. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದೆ. 1906ರ ಜನವರಿ 1ರಂದು ಈಗಿನ ಐದೂವರೆ ಗಂಟೆಯ ಭಾರತೀಯ ಸಮಯ ಜಾರಿಗೆ ಬಂತು. ಅದಕ್ಕೆ ಮುಂಚೆ ದೇಶದ ರೈಲುಗಳಿಗೆ ಸಮಯ ಹೇಳಿದ್ದು ನಮ್ಮ ಪಕ್ಕದ ಬೀದಿ ಎನ್ನಬಹುದು.

ಅಂಥ ಊರಿಗೆ ಗಡಿಯಾರದ ಅಂಗಡಿಯೂ ಬೇಕಲ್ಲ! ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಹತ್ತೊಂಬತ್ತನೇ ಶತಮಾನದ ಮಧ್ಯದಿಂದಲೂ ಇದೆ. ಅವರು ಹೊರದೇಶದಲ್ಲಿ ತಯಾರಾದ ಗಡಿಯಾರಗಳನ್ನು ತಮ್ಮ ಹೆಸರು ಡಯಲ್ ಮೇಲೆ ಬರೆಸಿ ಮಾರುತ್ತಿದ್ದರು. ಬೊಂಬಾಯಿಯಲ್ಲಿ ವೆಸ್ಟ್ ಎಂಡ್ ವಾಚ್ ಕಂಪನಿ, ಫಾವ್ರ್ ಲ್ಯೂಬಾ ಮುಂತಾದವು ಸ್ವಿಸ್ ವಾಚುಗಳನ್ನು ನಮ್ಮ ದೇಶಕ್ಕೆಂದೇ ತಂದವು. ಇದರಿಂದ ನಾನು ಕಲಿತ ಮೊದಲ ಪಾಠ: ಡಯಲ್ ಮೇಲಿನ ಹೆಸರು ಮಾಡಿದವರದ್ದೇ ಆಗಬೇಕಿಲ್ಲ, ಮಾರಿದವರದ್ದೂ ಆಗಿರಬಹುದು. ಹೆಸರು ಒಂದು, ಒಳಗಿನ ಯಂತ್ರದ ಮೇಲೆ ಇನ್ನೊಂದು ಇದ್ದ ಮಾತ್ರಕ್ಕೆ ಅದು ಮೋಸ ಎನ್ನುವಂತಿಲ್ಲ. ಯಾವ ಕಾಲದಲ್ಲಿ ಯಾವ ರೂಢಿ ಇತ್ತು ಎಂದು ಗೊತ್ತಿರಬೇಕು.

ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಮದ್ರಾಸಿನವರು ಹೋಗುತ್ತಿದ್ದದ್ದು ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ಟಿಗೆ. ಹಳೆಯ ಪುಸ್ತಕ, ಗ್ರಾಮೋಫೋನ್ ತಟ್ಟೆ, ಗಡಿಯಾರ, ಏನು ಬೇಕಾದರೂ ಸಿಗುತ್ತಿತ್ತು. 1985ರ ಮೇ 30ರಂದು ಅದು ಸುಟ್ಟುಹೋಯಿತು. ಅಲ್ಲಿನ ವ್ಯಾಪಾರಿಗಳಿಗೆ ಪಕ್ಕದಲ್ಲೇ ಲಿಲಿ ಪಾಂಡ್ ಕಾಂಪ್ಲೆಕ್ಸ್ ಕಟ್ಟಿಕೊಟ್ಟರು. ಇತ್ತ ಪ್ಯಾರಿಸ್ ಕಡೆ, ಬರ್ಮಾದಿಂದ ಮರಳಿ ಬಂದವರಿಗಾಗಿ 1969ರಲ್ಲಿ ಆರಂಭವಾದ ಬರ್ಮಾ ಬಜಾರು 'ಫಾರಿನ್ ವಾಚು' ಎಂಬ ಮೋಹಕ್ಕೆ ಮನೆಯಾಯಿತು. ಹೀಗೆ ಚೆನ್ನೈನ ಹಳೆಯ ಮನೆಗಳ ಬೀರುಗಳಲ್ಲಿ ಮೂರು ಬಗೆಯ ವಾಚುಗಳು ಸಿಗುತ್ತವೆ: ಅಜ್ಜನ ಕಾಲದ ಸ್ವಿಸ್, ಬರ್ಮಾ ಬಜಾರಿನ ಫಾರಿನ್, ಮತ್ತು ನಮ್ಮ ಎಚ್‌ಎಂಟಿ.

ಜಾಲಹಳ್ಳಿಯ ಕೂಸು

ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಮೊದಲು ಮಾಡುತ್ತಿದ್ದದ್ದು ಲೇತ್ ಮುಂತಾದ ದೊಡ್ಡ ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲಿ ಕೈಗಡಿಯಾರ ತಯಾರಿಕೆ ಶುರುವಾಯಿತು. ಮೊದಲ ತಂಡದ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್, ಹೆಂಗಸರಿಗೆ ಸುಜಾತಾ, ನೂತನ್. ಹೆಸರುಗಳೇ ಎಷ್ಟು ಚೆಂದ! ಬಿಡಿ ಬಿಡಿ ಸೂಕ್ಷ್ಮ ಭಾಗಗಳನ್ನು ಜೋಡಿಸುವ ಕೆಲಸದಲ್ಲಿ ಬಹಳಷ್ಟು ಹೆಣ್ಣುಮಕ್ಕಳಿದ್ದರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಸಂಬಳ ತಂದ ಮಗಳು ಎಚ್‌ಎಂಟಿಯವಳೇ.

ಬೇಡಿಕೆಗೆ ತಕ್ಕಷ್ಟು ವಾಚು ಸಿಗದೆ ಜನ ಕಾಯುತ್ತಿದ್ದರು. ಶ್ರೀನಗರದಲ್ಲಿ, 1978ರಲ್ಲಿ ತುಮಕೂರಿನಲ್ಲಿ, ಆಮೇಲೆ ನೈನಿತಾಲ್ ಬಳಿಯ ರಾಣಿಬಾಗ್‌ನಲ್ಲಿ ಕಾರ್ಖಾನೆಗಳು ಎದ್ದವು. ತುಮಕೂರಿಗೆ ವಾಚ್ ಫ್ಯಾಕ್ಟರಿ ಬಂದಾಗ ಅತ್ತೆ ಮದ್ರಾಸಿನಲ್ಲಿದ್ದರು. "ನಾನು ಊರು ಬಿಟ್ಟ ಮೇಲೆ ನನ್ನ ವಾಚು ಊರಿಗೆ ಹೋಯಿತು" ಎಂದು ತಮಾಷೆ ಮಾಡುತ್ತಿದ್ದರಂತೆ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಕೀಲಿ ಕೊಡುವ ಕೆಲಸವಿಲ್ಲ, ಸಮಯವೂ ನಿಖರ. ಟಾಟಾದವರು ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯೊಂದಿಗೆ ಸೇರಿ 1984ರಲ್ಲಿ ಟೈಟನ್ ಕಟ್ಟಿದರು. ಕಾರ್ಖಾನೆ ಬಂದದ್ದು ನಮ್ಮ ಎರಡೂ ರಾಜ್ಯಗಳ ಗಡಿಯ ಹೊಸೂರಿನಲ್ಲಿ. 1987ರಿಂದ ಟೈಟನ್ ವಾಚುಗಳು ಅಂಗಡಿಗೆ ಬಂದ ಮೇಲೆ ಎಚ್‌ಎಂಟಿ ಹಿಂದೆ ಬೀಳುತ್ತಾ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈ ತಿಂಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಕಲಿ ಹುಟ್ಟುವ ಬಗೆ

ಕಾರ್ಖಾನೆ ಮುಚ್ಚುತ್ತದೆ ಎಂಬ ಸುದ್ದಿ ಹರಡಿದ ಕೂಡಲೇ ಹಳೆಯ ಎಚ್‌ಎಂಟಿಗೆ ಜನ ಮುಗಿಬಿದ್ದರು. ಬೇಡಿಕೆ ಬಂದಲ್ಲಿ ನಕಲಿ ಬರಲೇಬೇಕಲ್ಲ. ಆದರೆ ಹಳೆಯ ವಾಚಿನಲ್ಲಿ ನಕಲಿ ಎಂದರೆ ಪೂರ್ತಿ ಸುಳ್ಳು ವಾಚು ಎಂದಷ್ಟೇ ಅರ್ಥವಲ್ಲ. ನಾಲ್ಕು ಬಗೆಗಳನ್ನು ಬಿಡಿಸಿಕೊಂಡು ನೋಡಬೇಕು.

ಒಂದು, ಹುಟ್ಟಿನಿಂದಲೇ ಸುಳ್ಳು: ದೊಡ್ಡ ಕಂಪನಿಯ ಹೆಸರು ಹಾಕಿದ ಅಗ್ಗದ ವಾಚು. ಎರಡು, ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಬರೆದದ್ದು: ಯಂತ್ರ ಅಸಲಿ, ಮುಖ ಹೊಸದು. ಮೂರು, ಹತ್ತು ವಾಚುಗಳ ಬಿಡಿಭಾಗ ಸೇರಿಸಿ ಮಾಡಿದ ಕಲಬೆರಕೆ ವಾಚು: ಕೇಸು ಒಂದರದು, ಮುಳ್ಳು ಇನ್ನೊಂದರದು. ಇಂಥವನ್ನು ಹೊಳಪು ಕೊಟ್ಟು ಹೊಸದರಂತೆ ಮಾರುವುದು ಎಷ್ಟು ಹೆಚ್ಚಾಯಿತೆಂದರೆ ಹೊರದೇಶದ ಸಂಗ್ರಾಹಕರು ಅದಕ್ಕೆ 'ಮುಂಬೈ ಸ್ಪೆಷಲ್' ಎಂದು ಹೆಸರಿಟ್ಟುಬಿಟ್ಟಿದ್ದಾರೆ. ನಾಲ್ಕು, ಬಳಸುವಾಗ ಕೆಟ್ಟದ್ದನ್ನು ರಿಪೇರಿಯವರು ಬದಲಿಸಿದ್ದು: ಒಡೆದ ಗಾಜು, ಸವೆದ ಕೀಲಿಯ ಗುಂಡಿ, ನೀರು ಹಿಡಿದ ಡಯಲ್.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ವಾಚಿನ ಒಳಗೆ ನೋಡಿದರೆ ವ್ಯತ್ಯಾಸವೇ ಕಾಣದೆ ಹೋಗಬಹುದು. ಎರಡರಲ್ಲೂ ಬೇರೆ ಕಡೆಯ ಭಾಗ ಇದೆ. ಒಂದು ಕೊಳ್ಳುವವರಿಂದ ಮುಚ್ಚಿಡಲು ಮಾಡಿದ್ದು, ಇನ್ನೊಂದು ವಾಚು ಓಡಲಿ ಎಂದು ಮಾಡಿದ್ದು. ಆದ್ದರಿಂದ ವಾಚಿನ ಜೊತೆಗೆ ಅದರ ಕಥೆಯನ್ನೂ ಪರೀಕ್ಷೆ ಮಾಡಬೇಕು. ಇದು ನನಗೆ ಮೊದಲು ಹೊಳೆದಿರಲಿಲ್ಲ.

ನೋಡುವುದು ಹೇಗೆ?

ನಾದಿನಿ ಊರಿಗೆ ಹೋದ ಮೇಲೆ, ಸೆಂಟ್ರಲ್ ಕಡೆ ಕೂರುವ ಒಬ್ಬ ವಯಸ್ಸಾದ ವಾಚ್ ರಿಪೇರಿಯವರ ಬಗ್ಗೆ ಸ್ನೇಹಿತೆಯೊಬ್ಬರು ಹೇಳಿದರು. ಅವರ ಹತ್ತಿರ ಹೋಗುವ ಮುಂಚೆ ಓದಿಕೊಂಡದ್ದು, ಅವರು ತಮಿಳಿನಲ್ಲಿ ಹೇಳಿಕೊಟ್ಟದ್ದು, ಎರಡನ್ನೂ ಸೇರಿಸಿ ಬರೆಯುತ್ತೇನೆ. ನಿಮ್ಮ ಮನೆಯ ವಾಚಿಗೂ ಉಪಯೋಗವಾಗಲಿ.

ಮೊದಲು ಡಯಲ್. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರಗಳು ಭೂತಗನ್ನಡಿಯಲ್ಲೂ ಚೊಕ್ಕವಾಗಿರುತ್ತವೆ. ಬಳಿದದ್ದಾದರೆ ಅಕ್ಷರದ ಅಂಚು ದಪ್ಪ, ಗೆರೆಗಳು ವಾಲಿದಂತೆ, ನಿಮಿಷದ ಗುರುತುಗಳು ಅಂಚಿಗೆ ಸರಿಯಾಗಿ ಕೂತಿರುವುದಿಲ್ಲ. ಐವತ್ತು ವರ್ಷದ ವಾಚಿನ ಕೇಸು ಸವೆದು ಡಯಲ್ ಮಾತ್ರ ನಿನ್ನೆ ಮಾಡಿದಂತಿದ್ದರೆ ಅನುಮಾನ ಪಡಿ. ಕಂಪನಿ ಎಂದೂ ಬಿಡದ ಬಣ್ಣ, ಎಂದೂ ಹಾಕದ ಚಿಹ್ನೆ ಇದ್ದರೆ ಇನ್ನೂ ಹೆಚ್ಚು ಅನುಮಾನ ಪಡಿ. ಎಚ್‌ಎಂಟಿ ಪೈಲಟ್ ಎಂದರೆ ಹೆಚ್ಚಿನವರ ನೆನಪಿನಲ್ಲಿರುವುದು ಕಪ್ಪು ಡಯಲ್. ಈಗ ಅದೇ ಹೆಸರಿನಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಮಾರಾಟಕ್ಕಿವೆ.

ಎರಡನೆಯದು ಕತ್ತಲಿನ ಹೊಳಪು. 1960ರ ದಶಕದವರೆಗೆ ರೇಡಿಯಂ ಬಳಸುತ್ತಿದ್ದರು. ಆಮೇಲೆ ಟ್ರಿಟಿಯಂ ಬಂತು. ಟ್ರಿಟಿಯಂ ಇರುವ ಸ್ವಿಸ್ ವಾಚಿನ ಡಯಲ್ ತಳದಲ್ಲಿ ಸ್ವಿಸ್ ಎಂಬ ಪದದ ಎರಡೂ ಕಡೆ ಇಂಗ್ಲಿಷಿನ ಟಿ ಅಕ್ಷರ ಇರುತ್ತದೆ. 1950ರ ವಾಚು ಎಂದು ಮಾರುವವರ ಡಯಲ್ ಮೇಲೆ ಆ ಗುರುತಿದ್ದರೆ ಕಾಲವೇ ಹೊಂದುವುದಿಲ್ಲ. ಟ್ರಿಟಿಯಂ ಸುಮಾರು ಹನ್ನೆರಡು ವರ್ಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಅರವತ್ತರ ದಶಕದ ವಾಚು ಇಂದು ಝಗ್ಗೆಂದು ಹೊಳೆದರೆ ಯಾರೋ ಹೊಸದಾಗಿ ಬಳಿದಿದ್ದಾರೆ ಎಂದರ್ಥ. ರೇಡಿಯಂ ಕಥೆ ಬೇರೆ. ಅದು ಅರ್ಧವಾಗಲು 1600 ವರ್ಷ ಬೇಕು. ಹೊಳಪು ಸತ್ತಿದ್ದರೂ ವಿಷ ಹಾಗೇ ಇರುತ್ತದೆ. ಬಹಳ ಹಳೆಯ ವಾಚಿನ ಗಾಜು ತೆಗೆದು ಆ ಹಳದಿ ಪುಡಿಯನ್ನು ಉಗುರಿನಿಂದ ಕೆರೆಯುವುದು, ಊದುವುದು ಬೇಡವೇ ಬೇಡ. ಆ ಅಮೆರಿಕದ ಹುಡುಗಿಯರನ್ನು ನೆನಪಿಸಿಕೊಳ್ಳಿ.

ಮೂರನೆಯದು ಸದ್ದು ಮತ್ತು ಚಲನೆ. ಕೀಲಿ ಕೊಡುವ ಎಚ್‌ಎಂಟಿಗಳಲ್ಲಿ ಬಹುಪಾಲು ಗಂಟೆಗೆ 18,000 ಬಡಿತದವು, ಅಂದರೆ ಸೆಕೆಂಡಿಗೆ ಐದು. ಸೆಕೆಂಡಿನ ಮುಳ್ಳು ಜಾರಿದಂತೆ ಓಡುತ್ತದೆ. ಸೆಕೆಂಡಿಗೊಮ್ಮೆ ಟಕ್ ಎಂದು ಹಾರಿದರೆ ಒಳಗಿರುವುದು ಬ್ಯಾಟರಿಯ ಯಂತ್ರ.

ನಾಲ್ಕನೆಯದು ಲೋಹ. ನಮಗೆ ಹೆಂಗಸರಿಗೆ ಚಿನ್ನ ಹೇಳಿಕೊಡಬೇಕಿಲ್ಲ. ಆದರೂ ವಾಚಿನ ಚಿನ್ನದಲ್ಲಿ ಮೋಸ ಹೋಗುವುದು ಸುಲಭ. ಹಳದಿಯಾಗಿ ಕಾಣುವ ಹಳೆಯ ವಾಚುಗಳಲ್ಲಿ ಹೆಚ್ಚಿನವು ಹಿತ್ತಾಳೆಗೆ ಚಿನ್ನದ ನೀರು ಕೊಟ್ಟವು. ಹತ್ತು, ಇಪ್ಪತ್ತು ಮೈಕ್ರಾನ್ ಎಂದು ಬರೆದಿದ್ದರೆ ಅದು ಆ ಲೇಪದ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಪಟ್ಟಿ ಸೇರುವ ಮೂಲೆಗಳಲ್ಲಿ ಸವೆದು ಹಿತ್ತಾಳೆ ಇಣುಕುತ್ತದೆಯೇ ನೋಡಿ. ಹಿಂಬದಿಯಲ್ಲಿ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದಿದ್ದರೆ ಮುಚ್ಚಳ ಮಾತ್ರ ಸ್ಟೀಲು, ಉಳಿದದ್ದು ಬೇರೆ ಲೋಹ. ಘನ ಚಿನ್ನದ ಕೇಸಿನ ಒಳಗೆ 18 ಕ್ಯಾರೆಟ್ ಅಥವಾ 750 ಎಂಬ ಮುದ್ರೆ ಇರಬೇಕು. ಪರೀಕ್ಷೆಗೆಂದು ಒರೆಗಲ್ಲಿಗೆ ಉಜ್ಜಿ ವಾಚನ್ನು ಕೆಡಿಸಬೇಡಿ.

ಇನ್ನು ಡಯಲ್ ಮೇಲೆ '17 ಜ್ಯುವೆಲ್ಸ್' ಎಂದು ಓದಿ ಒಳಗೆ ಮಾಣಿಕ್ಯವಿದೆ ಎಂದು ಆಸೆಪಡುವವರಿದ್ದಾರೆ. ಇದೆ, ಆದರೆ ಕೃತಕ ಮಾಣಿಕ್ಯ. ಚಕ್ರದ ತುದಿಗಳು ಸವೆಯದಿರಲೆಂದು ಹಾಕುವ ಸಾಸಿವೆಗಿಂತ ಸಣ್ಣ ಕಲ್ಲುಗಳು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ವೆರ್ನೂಯಿ ಇವನ್ನು ಕುಲುಮೆಯಲ್ಲಿ ಮಾಡುವ ವಿಧಾನ ತೋರಿಸಿದ ಮೇಲೆ ಅವುಗಳ ಬೆಲೆ ಕುಸಿಯಿತು. ಅವನ್ನು ಕಿತ್ತು ಮೂಗುಬೊಟ್ಟು ಮಾಡಿಸಲಾಗದು!

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮುಚ್ಚಳದ ಒಳಭಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಲೆ ಎಂದರೆ ಏನು?

ಹಳೆಯ ವಾಚಿಗೆ ನಿಗದಿಯಾದ ದರ ಇಲ್ಲ. ಯಾವ ಮಾದರಿ, ಎಷ್ಟು ಅಪರೂಪ, ಭಾಗಗಳೆಲ್ಲ ಮೂಲದ್ದೇ, ಓಡುತ್ತದೆಯೇ, ಬಿಲ್ಲು ಡಬ್ಬಿ ಇವೆಯೇ, ಇವೆಲ್ಲ ಸೇರಿ ಬೆಲೆ. ಇವುಗಳಲ್ಲಿ ಡಯಲ್‌ಗೆ ಸಿಂಹಪಾಲು. ಚುಕ್ಕೆ ಬಿದ್ದ, ಬಣ್ಣ ಮಾಸಿದ ಮೂಲ ಡಯಲ್‌ಗೆ ಸಂಗ್ರಾಹಕರು ಕೊಡುವ ಬೆಲೆಯನ್ನು ಹೊಳೆಯುವ ಹೊಸ ಡಯಲ್‌ಗೆ ಕೊಡುವುದಿಲ್ಲ. ಹಳೆಯ ವಾಚನ್ನು ಮಾರುವ ಮುಂಚೆ 'ಸ್ವಲ್ಪ ಪಾಲಿಶ್ ಮಾಡಿಸೋಣ' ಎಂದು ಹೋಗುವವರು ತಮ್ಮ ಕೈಯಾರೆ ಬೆಲೆ ಕಳೆಯುತ್ತಾರೆ.

ವಾಚು ಯಾರದ್ದಾಗಿತ್ತು ಎಂಬ ದಾಖಲೆಗೂ ಬೆಲೆ ಇದೆ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲು ಮತ್ತು ಜೆನಿತ್ ಜೇಬುಗಡಿಯಾರ ಒಟ್ಟಿಗೆ ಹರಾಜಾದಾಗ ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರ್ ಕೊಟ್ಟರು. ಅಂಥದ್ದೇ ಜೆನಿತ್ ಬೇರೆಯವರ ಜೇಬಿನಲ್ಲಿದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. 2017ರಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಒಂದು ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹೋಯಿತು. ಅದರ ಹಿಂಬದಿಯಲ್ಲಿ, ಗಾಡಿ ಹುಷಾರಾಗಿ ಓಡಿಸಿ ಎಂಬ ಅರ್ಥದ ಮಾತನ್ನು ಅವರ ಹೆಂಡತಿ ಜೋಆನ್ ವುಡ್‌ವರ್ಡ್ ಕೆತ್ತಿಸಿದ್ದರು. ಹೆಂಡತಿಯ ಬುದ್ಧಿಮಾತಿಗೂ ಬೆಲೆ ಇದೆ ಎಂದು ನಮ್ಮ ಯಜಮಾನರಿಗೆ ಓದಿ ಹೇಳಿದೆ.

ನಾಣ್ಯದ ಇನ್ನೊಂದು ಮುಖವೂ ಇದೆ. ದಾಖಲೆಗೆ ಬೆಲೆ ಇರುವುದರಿಂದಲೇ ಸುಳ್ಳು ಕಥೆಗಳೂ ಹುಟ್ಟುತ್ತವೆ. 'ಅಜ್ಜ ಮಿಲಿಟರಿಯಲ್ಲಿದ್ದರು' ಎನ್ನುವ ಮಾರಾಟಗಾರನ ಬಾಯಿಮಾತು ದಾಖಲೆಯಲ್ಲ. ನನಗೂ ಒಮ್ಮೆ ಹೀಗಾಗಿದೆ. ಆನ್‌ಲೈನ್‌ನಲ್ಲಿ 'ಅಪ್ಪನ ನೆನಪಿನ ವಾಚು, ಮನಸ್ಸಿಲ್ಲದೆ ಮಾರುತ್ತಿದ್ದೇನೆ' ಎಂದು ಬರೆದಿದ್ದವರಿಂದ ಎಚ್‌ಎಂಟಿ ತರಿಸಿಕೊಂಡೆ. ವಾರದ ನಂತರ ಅದೇ ಬರಹದ ಕೆಳಗೆ ಅಂಥದ್ದೇ ಇನ್ನೂ ಮೂರು ವಾಚು ಕಂಡವು. ಅವರಿಗೆ ಎಷ್ಟು ಜನ ಅಪ್ಪಂದಿರೋ!

ಮುಚ್ಚಳದ ಒಳಗೆ

ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅತ್ತೆಯವರ ವಾಚಿನ ಹಿಂಬದಿಯ ಮುಚ್ಚಳ ತೆಗೆದರು. ಒಂದು ಕ್ಷಣ ನೋಡಿ, "ಅಮ್ಮಾ, ಇಲ್ಲಿ ಬನ್ನಿ" ಎಂದು ನನ್ನನ್ನು ಕರೆದರು. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳು. ಗನ್ನಡಿ ಹಿಡಿದಾಗ ಅವು ಅಂಕಿಗಳಾದವು. ಮೂರು ಬೇರೆ ಬೇರೆ ಕೈಬರಹ. ಒಂದು 1979, ಒಂದು 1991, ಕೊನೆಯದು 1-16.

ಹಳೆಯ ರಿಪೇರಿಯವರ ಪದ್ಧತಿ ಅದು ಎಂದು ಅವರು ವಿವರಿಸಿದರು. ವಾಚು ಬಿಚ್ಚಿ ಸರ್ವಿಸ್ ಮಾಡಿದಾಗ ದಿನಾಂಕವನ್ನೋ ತಮ್ಮ ಗುರುತನ್ನೋ ಮುಚ್ಚಳದ ಒಳಗೆ ಸೂಜಿಯಿಂದ ಗೀರಿಡುತ್ತಾರೆ. ವಾಚು ಮತ್ತೆ ಬಂದರೆ ಹಿಂದೆ ಯಾವಾಗ ಬಿಚ್ಚಿದ್ದು ಎಂದು ತಿಳಿಯಲಿ ಎಂದು. ಕಟ್ಟಿಕೊಂಡವರಿಗೆ ಎಂದೂ ಕಾಣದ ಜಾಗದಲ್ಲಿ ವಾಚಿನ ಜಾತಕ ಬರೆದಿರುತ್ತದೆ.

1-16. ಎಂದರೆ 2016ರ ಜನವರಿ. ಅದಕ್ಕೆ ಹಿಂದಿನ ತಿಂಗಳು ಚೆನ್ನೈ ಮುಳುಗಿತ್ತು. ನಮ್ಮ ನೆಲಮಹಡಿಯ ಮನೆಗೂ ಮೊಣಕಾಲುದ್ದ ನೀರು ಬಂದು ಬೀರುವಿನ ಕೆಳಗಿನ ಅರೆ ನೆನೆದಿತ್ತು. ಸೀರೆಗಳನ್ನು ತಾರಸಿಯ ಮೇಲೆ ಒಣಹಾಕಿದ್ದು ನನಗೆ ನೆನಪಿದೆ. ವಾಚಿನ ವಿಷಯ ಅತ್ತೆ ಯಾರಿಗೂ ಹೇಳಿರಲಿಲ್ಲ. ಪೊಂಗಲ್ ಮುಗಿದ ಮೇಲೆ ಒಂದು ದಿನ ಒಬ್ಬರೇ ಆಟೋ ಹಿಡಿದು "ಸ್ವಲ್ಪ ಕೆಲಸವಿದೆ" ಎಂದು ಹೋಗಿ ಬಂದಿದ್ದರು. ಎಲ್ಲಿಗೆ ಎಂದು ನಾವೂ ಕೇಳಿರಲಿಲ್ಲ.

ನೀರು ಹೊಕ್ಕ ಡಯಲ್ ಉಬ್ಬಿ ಹಾಳಾಗಿರಬೇಕು, ಸುಜಾತಾ ಡಯಲ್ ಸಿಗದೆ ಬೇರೆ ಲೇಡೀಸ್ ಎಚ್‌ಎಂಟಿಯ ಹೊಂಬಣ್ಣದ ಡಯಲ್ ಹಾಕಿದ್ದಾರೆ, ಕೇಸು ಮತ್ತು ಯಂತ್ರ ಹಳೆಯವೇ ಎಂದು ರಿಪೇರಿಯವರು ಹೇಳಿದರು. ಎಚ್‌ಎಂಟಿ ವಾಚಿನ ಕಂಪನಿಯನ್ನು ಮುಚ್ಚಲು ದೆಹಲಿಯಲ್ಲಿ ತೀರ್ಮಾನವಾದ ಅದೇ ತಿಂಗಳು ಅತ್ತೆ ತಮ್ಮ ವಾಚನ್ನು ಉಳಿಸಿಕೊಂಡಿದ್ದರು. ಬೆಲೆ ಕೇಳಿದೆ. ನಕ್ಕರು. "ಮಾರಿದರೆ ಬರುವ ದುಡ್ಡು ಈ ಸರ್ವಿಸಿಗೇ ಸಾಲದು, ಅಮ್ಮಾ" ಎಂದರು.

ಮುಚ್ಚಳದ ಫೋಟೋ ತೆಗೆದು ನಾದಿನಿಗೆ ಕಳಿಸಿದೆ. ಏನೂ ವಿವರಿಸದೆ, "ಕೇಸಿನ ಎಡಗಡೆ ಮೂಲೆಯಲ್ಲಿ ಒಂದು ಪೆಟ್ಟು ಇದೆ, ನಿನಗೇನಾದರೂ ಗೊತ್ತಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ ಅವಳೇ ಫೋನ್ ಮಾಡಿದಳು. "ಎರಡನೇ ಕ್ಲಾಸಿನಲ್ಲಿದ್ದಾಗ ನಾನು ರುಬ್ಬುಗುಂಡಿನ ಮೇಲೆ ಬೀಳಿಸಿದ್ದು, ಅತ್ತಿಗೆ. ಅಮ್ಮ ಅವತ್ತು ನನಗೆ ಹೊಡೆದಿದ್ದರು" ಎಂದಳು. ಮತ್ತೆ ಸ್ವಲ್ಪ ತಡೆದು, "ಆ ದಿನ ನಾನು ಹಾಗೆ ಹೇಳಬಾರದಿತ್ತು" ಎಂದಳು. ನಿನ್ನ ನೆನಪು ಸರಿಯಾಗೇ ಇತ್ತು, ಡಯಲ್ ಬಿಳಿಯದೇ ಆಗಿತ್ತು ಎಂದೆ. ಅದು ನಿಜವೂ ಹೌದು.

ಸಂಗ್ರಾಹಕರ ಲೆಕ್ಕದಲ್ಲಿ ಆ ವಾಚು ಪೂರ್ತಿ ಅಸಲಿ ಅಲ್ಲ. ಅದನ್ನು 'ಅಸಲಿ ಸುಜಾತಾ, ಎಲ್ಲ ಮೂಲದ್ದೇ' ಎಂದು ನಾನು ಮಾರಿದರೆ ನಾನೂ ನಕಲಿ ವಾಚು ಮಾರುವವರ ಸಾಲಿಗೆ ಸೇರುತ್ತೇನೆ. ಡಯಲ್ ಬದಲಾಗಿದೆ ಎಂದು ಹೇಳಿ ಕೊಟ್ಟರೆ ಅದರಲ್ಲಿ ಸುಳ್ಳೇನೂ ಇಲ್ಲ.

ಅದಕ್ಕೆ ನಾವು ಒಂದು ಕೆಲಸ ಮಾಡಿದೆವು. ಒಂದು ಚೀಟಿಯಲ್ಲಿ ಬರೆದೆವು: ಕೊಂಡ ವರ್ಷ 1968. ಕೊಂಡವರು ಯಾರು, ಯಾವ ದುಡ್ಡಿನಲ್ಲಿ. ಪೆಟ್ಟು ಬಿದ್ದದ್ದು ಹೇಗೆ. ಸರ್ವಿಸ್ ಆದದ್ದು 1979, 1991. ಡಯಲ್ ಬದಲಾದದ್ದು ಪ್ರವಾಹದ ನಂತರ, 2016 ಜನವರಿ. ಮೊದಲಿನ ಡಯಲ್ ಬಿಳಿ, ಹೆಸರು ಸುಜಾತಾ. ಕೆಳಗೆ ನಾದಿನಿಯೂ ನಾನೂ ಸಹಿ ಹಾಕಿ ಅದೇ ಕುಂಕುಮದ ಡಬ್ಬಿಯಲ್ಲಿಟ್ಟೆವು. ವಾಚು ಈಗ ಬೆಂಗಳೂರಿನಲ್ಲಿ ನಾದಿನಿಯ ಮಗಳ ಕೈಯಲ್ಲಿದೆ. ಹೋದ ತಿಂಗಳು ಅವಳನ್ನು ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದಾಗಿ ನಾದಿನಿ ಹೇಳಿದಳು.

ಸೋದರಿಯರೇ, ನಿಮ್ಮ ಬೀರುಗಳಲ್ಲೂ ಇಂಥ ಒಂದು ವಾಚು ಮಲಗಿರಬಹುದು. ಪಾಲಿಶ್ ಮಾಡಿಸಬೇಡಿ, ಡಯಲ್‌ಗೆ ಬಣ್ಣ ಹೊಡೆಸಬೇಡಿ. ನಂಬಿಕೆಯ ರಿಪೇರಿಯವರ ಹತ್ತಿರ ನಿಮ್ಮ ಎದುರಿಗೇ ಮುಚ್ಚಳ ತೆಗೆಸಿ ನೋಡಿ, ಫೋಟೋ ತೆಗೆದುಕೊಳ್ಳಿ. ಮನೆಯ ಹಿರಿಯರು ಇರುವಾಗಲೇ ಕೇಳಿ ತಿಳಿದುಕೊಂಡು, ತಿಳಿದಷ್ಟನ್ನು ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆ ಇಡಿ. ಮುಂದೆ ಯಾರಾದರೂ 'ಇದು ಅಜ್ಜಿಯದ್ದೇ?' ಎಂದು ಕೇಳಿದಾಗ ನಾವು ಇರುವುದಿಲ್ಲ, ಚೀಟಿ ಇರುತ್ತದೆ.